ಪರವಾಗಿಲ್ಲ

ಬೆಳಗ್ಗೆ ಎದ್ದಾಗಿನಿಂದ ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ನುಂಗಿದರೆ ಇಳಿಯದು, ಕ್ಯಾಕರಿಸಿದರೆ ಬಾರದು. ಬೇರೆಯವರ ಮಾತಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಅದು ಅವಳದೇ ಮಾತು. ಮೊನ್ನೆ ಆಡಳಿತ ಕಟ್ಟಡದ ಕಾರಿಡಾರಿನಲ್ಲಿ, ಬಾಯಲ್ಲಿ ಅರ್ಧ ಬಿಸ್ಕತ್ತು, ಕೈಯಲ್ಲಿ ತುಳುಕುವ ಚಹಾ ಇದ್ದಾಗ, ಖರೀದಿ ಸಮಿತಿಯ ಅಧ್ಯಕ್ಷರು ಹೋಗುತ್ತ ಹೋಗುತ್ತಲೇ ಕತ್ತು ತಿರುಗಿಸಿ, "ಏನಮ್ಮ, ಆ ಬಿಳಿ ಡಬ್ಬಿ ಹೇಗಿದೆ?" ಎಂದು ಕೇಳಿದ್ದರು. ಅವಳು ಬಿಸ್ಕತ್ತನ್ನು ಕೆನ್ನೆಯ ಕಡೆಗೆ ತಳ್ಳಿ, "ಪರವಾಗಿಲ್ಲ ಸಾರ್" ಎಂದಿದ್ದಳು. ಅಷ್ಟೇ. ಅವರು ಉತ್ತರಕ್ಕಾಗಿ ನಿಂತಿದ್ದರೋ ಇಲ್ಲವೋ, ಅದೂ ಅವಳಿಗೆ ನೆನಪಿಲ್ಲ. ನಿನ್ನೆ ಸಂಜೆ ಬಂದ ಸಭೆಯ ಸೂಚನೆಯಲ್ಲಿ ಮಾತ್ರ ಅದೇ ಮಾತು ಸೂಟು ಬೂಟು ತೊಟ್ಟು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿತ್ತು: ಪ್ರಯೋಗ ನಡೆಸಿದ ಕಿರಿಯ ಇಂಜಿನಿಯರ್ ಅವರೂ ಬಿಳಿ ಉಪಕರಣದ ಬಗ್ಗೆ ತೃಪ್ತಿ ವ್ಯಕ್ತಪಡಿಸಿರುತ್ತಾರೆ. ತೃಪ್ತಿ! ಅವಳು ಕನ್ನಡಿಯ ಮುಂದೆ, ನೊರೆ ತುಂಬಿದ ಬಾಯಲ್ಲೇ, ಆ ಪದವನ್ನು ಒಮ್ಮೆ ಉಚ್ಚರಿಸಿ ನೋಡಿದಳು. ಹುಟ್ಟಿದಾಗಿನಿಂದ ಅವಳು ಆ ಪದವನ್ನು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಯಾವುದರ ಬಗ್ಗೆ ಹೇಳಬೇಕಿತ್ತು? ಚಿಕ್ಕಮ್ಮನ ಮನೆಗೆ ಬಂದ ದಿನ ಈ ಪಡುವಣದ ಕೋಣೆಯ ಬಾಗಿಲು ತೆರೆದು, "ಹೇಗಿದೆಯೇ ಕೋಣೆ?" ಎಂದು ಚಿಕ್ಕಮ್ಮ ಕೇಳಿದಾಗಲೂ ಪರವಾಗಿಲ್ಲ ಎಂದೇ ಅಂದಿದ್ದಳು. ಆವತ್ತಿನಿಂದ ಪ್ರತಿ ಮಧ್ಯಾಹ್ನದ ಬಿಸಿಲನ್ನು ಈ ಗೋಡೆ ಕುಡಿದು, ಇರುಳೆಲ್ಲ ಅವಳ ಮೇಲೆ ಉಗುಳುತ್ತಿದೆ. ಪಕ್ಕದಲ್ಲೇ ಇನ್ನೊಂದು ಕೋಣೆ ಖಾಲಿ ಇದೆ, ಅದರಲ್ಲಿ ಚಿಕ್ಕಪ್ಪನ ಹಳೆಯ ಸೈಕಲ್ಲು ತಣ್ಣಗೆ ಮಲಗಿದೆ. ಹಲ್ಲಿನ ಡಾಕ್ಟರು ಯಂತ್ರ ತಿರುಗಿಸುತ್ತ, "ನೋವಾಗ್ತಿದೆಯಾ?" ಎಂದಾಗಲೂ ಅದನ್ನೇ ಅಂದಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿರುವಾಗ. ಡಾಕ್ಟರು ಮೆಚ್ಚಿ ಇನ್ನಷ್ಟು ಆಳಕ್ಕೆ ಕೊರೆದರು. ಕೇಳುವವರಿಗೆ ಎಷ್ಟು ಅನುಕೂಲದ ಮಾತು ಇದು ಎಂದು ಈಗ ಅವಳಿಗೆ ಅನ್ನಿಸಿ, ಬ್ರಷ್ಷನ್ನು ಲೋಟಕ್ಕೆ ಎಸೆದಳು. ಲೋಟ ಉರುಳಿತು. "ಏನಾಯ್ತೇ?" ಎಂದು ಚಿಕ್ಕಮ್ಮ ಅಡುಗೆಮನೆಯಿಂದ ಕೂಗಿದಳು. ಉತ್ತರ ನಾಲಿಗೆಯ ತುದಿಗೆ ತಾನೇತಾನಾಗಿ ಬಂದು ನಿಂತಿತು. ಅವಳು ತುಟಿ ಬಿಗಿಹಿಡಿದು, ಉತ್ತರ ಕೊಡದೆ, ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ವಿಷಯ ಸಣ್ಣದು. ಕ್ಯಾಂಪಸ್ಸಿನ ಕಟ್ಟಡಗಳಿಗೆಲ್ಲ ತಂತಿಯಿಲ್ಲದ ಉಷ್ಣಮಾಪಕಗಳನ್ನು ಹಾಕಬೇಕು. ಎರಡು ಬಗೆಯವು ಬಂದಿದ್ದವು, ಅದರಲ್ಲಿ ಒಂದನ್ನು ಆರಿಸಬೇಕು. ಗೋಡೆ, ಪೈಪು, ಫ್ಯೂಸು ನೋಡಿಕೊಳ್ಳುವ ನಿರ್ವಹಣಾ ವಿಭಾಗದಲ್ಲಿ ಅವಳೇ ಎಲ್ಲರಿಗಿಂತ ಕಿರಿಯಳು, ಹಾಗಾಗಿ ಏಣಿ ಹತ್ತುವ ಕೆಲಸ ಅವಳದೇ. ಗ್ರಂಥಾಲಯ, ಪ್ರಯೋಗಾಲಯ, ಹಾಸ್ಟೆಲ್ಲು, ಸಭಾಂಗಣ, ಎಲ್ಲ ಕಡೆ ಜೋಡಿ ಜೋಡಿಯಾಗಿ ಡಬ್ಬಿಗಳನ್ನು ಅಂಟಿಸಿ ಇಡೀ ಬೇಸಿಗೆ ಕಾದಿದ್ದಳು, ಹೇಂಟೆ ಮೊಟ್ಟೆಯ ಮೇಲೆ ಕೂತ ಹಾಗೆ. ಬಿಳಿಯದು ನುಣ್ಣಗೆ, ದುಂಡಗೆ, ಅಂಗೈಯಲ್ಲಿ ಹಿಡಿದರೆ ಮುದ್ದಿಸಬೇಕು ಅನ್ನಿಸುವಂಥದ್ದು. ಬೂದು ಬಣ್ಣದ್ದು ಒರಟು, ಮೂಲೆಗಳೆಲ್ಲ ಚೂಪು, ತಲೆಯ ಮೇಲೊಂದು ಮೋಟು ಆಂಟೆನಾ. ಎರಡೂ ತಮ್ಮ ಲೆಕ್ಕವನ್ನು ಗಾಳಿಯಲ್ಲಿ ಕಳಿಸುತ್ತವೆ, ಹತ್ತಿರದ ಒಂದು ಪುಟ್ಟ ಪೆಟ್ಟಿಗೆ ಅದನ್ನು ಹಿಡಿದು ಕಚೇರಿಯ ಪರದೆಗೆ ಮುಟ್ಟಿಸುತ್ತದೆ. ವ್ಯತ್ಯಾಸ ಇದ್ದದ್ದು ಒಂದೇ. ಗೋಡೆ ದಪ್ಪವಾಗಿ, ನಡುವೆ ಕಬ್ಬಿಣ ಬಂದು, ದನಿ ಹೊರಗೆ ತಲುಪದೆ ಹೋದರೆ ಬೂದು ಡಬ್ಬಿಯ ಜಾಗದಲ್ಲಿ ಪರದೆಯ ಮೇಲೆ ಒಂದು ಗೆರೆ ಬರುತ್ತದೆ, ನನಗೆ ಗೊತ್ತಿಲ್ಲ ಎನ್ನುವ ಹಾಗೆ. ಬಿಳಿ ಡಬ್ಬಿಯ ಜಾಗದಲ್ಲಿ ಗೆರೆ ಬರುವುದಿಲ್ಲ. ಕಡೆಯ ಸಲ ಎಷ್ಟು ತಲುಪಿತ್ತೋ ಅಷ್ಟೇ ನಿಂತಿರುತ್ತದೆ. ನಗುನಗುತ್ತ, ಹಸಿರು ಬಣ್ಣದಲ್ಲಿ, ಗಂಟೆಗಟ್ಟಲೆ.

ಅಜ್ಜಿ ಹೇಳುತ್ತಿದ್ದ ಒಂದು ಕಥೆಯಲ್ಲಿ ಒಂದು ಕೋಟೆ, ಕೋಟೆಗೆ ನಾಲ್ಕು ಬುರುಜು, ಬುರುಜಿಗೊಬ್ಬ ಕಾವಲುಗಾರ. ಜಾವಕ್ಕೊಮ್ಮೆ ಒಬ್ಬೊಬ್ಬರೂ "ಎಲ್ಲಾ ಕ್ಷೇಮ" ಎಂದು ಕೂಗಬೇಕು, ಆ ಕೂಗು ಕೇಳಿ ರಾಜ ಮಗ್ಗುಲು ಬದಲಿಸಬೇಕು. ಬಡಗಣ ಬುರುಜಿನವನು ಕೂಗಿದವನೇ ಹಾವು ಕಚ್ಚಿ ಸತ್ತ. ಆದರೆ ಆ ಬುರುಜಿನೊಳಗೆ ಗಾಳಿ ಸುತ್ತುವ ಬಗೆಯೇ ಹಾಗೆ, ಕೂಗು ಹೊರಗೆ ಹೋಗಲಾರದೆ ಒಳಗೇ ಗಿರಗಿರ ತಿರುಗುತ್ತ ಹೊತ್ತು ಹೊತ್ತಿಗೆ ಎಲ್ಲಾ ಕ್ಷೇಮ, ಎಲ್ಲಾ ಕ್ಷೇಮ ಎನ್ನುತ್ತಲೇ ಇತ್ತು. ಹಗೆಗಳು ಅದೇ ಬುರುಜಿನಿಂದ ಇಳಿದು ಬಂದರು. "ಆಮೇಲೆ ರಾಜ ಏನ್ ಮಾಡ್ದ ಅಜ್ಜಿ?" ಎಂದು ಅವಳು ಕಂಬಳಿಯೊಳಗಿಂದ ಕೇಳಿದರೆ, "ಏನ್ ಮಾಡ್ತಾನೆ ಮಗಾ, ಮಲಗಿದ್ದ" ಎನ್ನುತ್ತಿದ್ದಳು ಅಜ್ಜಿ. ಅವಳಿಗಾಗ ರಾಜನ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಸತ್ತವನ ಮೇಲೆ ಅಯ್ಯೋ ಅನ್ನಿಸುತ್ತಿತ್ತು. ಈಗ ದಾರಿಯುದ್ದಕ್ಕೂ ರಾಜನ ಮೇಲೆ ಸಿಟ್ಟು ಬರುತ್ತಿತ್ತು. ಎದ್ದು ಒಂದು ಸಲ ಬುರುಜು ಹತ್ತಿ ನೋಡಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತೇ?

ಸಭೆ ಮಧ್ಯಾಹ್ನಕ್ಕಿತ್ತು. ಅವಳು ನೇರ ಹಾಸ್ಟೆಲ್ಲಿನ ನೆಲಮಾಳಿಗೆಗೆ ಇಳಿದಳು. ಅಲ್ಲಿ ಬಟ್ಟೆ ಒಗೆಯುವ ಕೋಣೆ. ಒಂದು ಸಾಲು ತೊಳೆಯುವ ಯಂತ್ರ, ಎದುರು ಸಾಲು ಒಣಗಿಸುವ ಯಂತ್ರ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಕಿಟಕಿ ಎಂದರೆ ಚಾವಣಿಯ ಅಂಚಿನಲ್ಲಿ ಒಂದು ಕಿಂಡಿ, ಅದಕ್ಕೂ ಯಾರೋ ರಟ್ಟು ಬಡಿದಿದ್ದರು. ಮೆಟ್ಟಿಲಿಳಿಯುತ್ತಿದ್ದಂತೆ ಒದ್ದೆ ಬಿಸಿ ಮುಖಕ್ಕೆ ಅಡರಿ ಕನ್ನಡಕ ಮಂಜಾಯಿತು. ಒಗೆಯುವ ಅಕ್ಕ ತೋಳಿನಿಂದ ಹಣೆ ಒರೆಸಿಕೊಳ್ಳುತ್ತ ಹಾಸಿಗೆ ಹೊದಿಕೆಗಳನ್ನು ಮಡಚುತ್ತಿದ್ದವಳು, "ಬಂದ್ಲಪ್ಪಾ ಗೋಡೆಗೆ ಜ್ವರ ನೋಡೋ ಡಾಕ್ಟ್ರಮ್ಮ" ಎಂದಳು.

"ನಿನ್ನ ಬಾಯಿಗೂ ಒಂದು ಡಬ್ಬಿ ಅಂಟಿಸ್ತೀನಿ ನೋಡು ಅಕ್ಕ."

"ಅಂಟಿಸು, ಅದೂ ಸುಟ್ಟೋಗ್ಲಿ. ಏನಂತಿದೆ ನಿನ್ನ ಮೊಲದ ಮರಿ?"

ಬಿಳಿ ಡಬ್ಬಿಗೆ ಅಕ್ಕ ಇಟ್ಟ ಹೆಸರು ಅದು, ಬೂದು ಡಬ್ಬಿಗೆ ಕಪ್ಪೆ. ಅವಳು ಮೆಟ್ಟಿಲ ಕಡೆ ಫೋನು ಚಾಚಿ ಸಿಗ್ನಲ್ ಹಿಡಿದು, ಕಚೇರಿಯ ಪರದೆಯನ್ನು ಅದರಲ್ಲೇ ತೆರೆದು ನೋಡಿದಳು. ಮೊಲದ ಮರಿ ಇಪ್ಪತ್ತಾರು ಎನ್ನುತ್ತಿತ್ತು. ಕಪ್ಪೆಯ ಎದುರಿಗೆ ಗೆರೆ. ಗೋಡೆಯಲ್ಲಿ ಮೊಳೆಗೆ ನೇತುಹಾಕಿದ್ದ ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಕೆಂಪು ದಾರ ನಲವತ್ತರ ಗೀಟನ್ನು ದಾಟಿ ನಿಂತಿತ್ತು.

"ಇಪ್ಪತ್ತಾರು ಅಂತಿದೆ."

"ಅಯ್ಯೋ, ಮೊದಲೇ ಹೇಳ್ಬಾರ್ದಾ, ಸ್ವೆಟರ್ ತರ್ತಿದ್ದೆ" ಎಂದು ಅಕ್ಕ ಹೊದಿಕೆಯನ್ನು ಫಟ್ಟನೆ ಒದರಿದಳು. ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಹೋದ ವರ್ಷದ್ದು ನೆನಪಾಯಿತು. ಹೋದ ಬೇಸಿಗೆಯಲ್ಲಿ ಅಕ್ಕ ಇದೇ ಎರಡು ಯಂತ್ರಗಳ ನಡುವೆ ಬಿದ್ದಿದ್ದಳು. ಹಾಸ್ಟೆಲ್ಲಿನ ಹುಡುಗಿಯರು ಕಂಡು ಕೂಗಿಕೊಂಡರು, ನಾಲ್ಕು ಜನ ಎತ್ತಿ ಮೇಲೆ ತಂದರು, ನೀರು ಚಿಮುಕಿಸಿದರು. ಯಾರೋ ದೊಡ್ಡವರು ಬಗ್ಗಿ "ಹೇಗಿದೆಯಮ್ಮ ಈಗ?" ಎಂದರು. ಅಕ್ಕ, ಕಣ್ಣಾಲಿ ಇನ್ನೂ ಮೇಲೇ ಇದ್ದಾಗ, "ಪರವಾಗಿಲ್ಲ ಸಾರ್" ಎಂದಳು. ಅದನ್ನೇ ಹಿಡಿದುಕೊಂಡರು. ಆಸ್ಪತ್ರೆ ಬೇಡವಂತೆ, ಪರವಾಗಿಲ್ಲವಂತೆ, ಬೆಳಗ್ಗೆ ತಿಂಡಿ ತಿಂದಿರಲಿಲ್ಲವಂತೆ. ಕಡೆಗೆ ಎಲ್ಲರ ಬಾಯಲ್ಲೂ ಉಳಿದದ್ದು ಆ ತಿಂಡಿಯೊಂದೇ, ಸೆಖೆಯೂ ಇಲ್ಲ, ಯಂತ್ರವೂ ಇಲ್ಲ, ರಟ್ಟು ಬಡಿದ ಕಿಂಡಿಯೂ ಇಲ್ಲ. ಹುಡುಗಿಯರು ಸುಮ್ಮನಿರದೆ ಗಲಾಟೆ ಎಬ್ಬಿಸಿದ ಮೇಲೆ ಈ ಡಬ್ಬಿಗಳ ಮಾತು ಬಂತು. ಹಾಕಿದ ನಿಯಮವೇನೋ ಚೆನ್ನಾಗಿತ್ತು: ಯಾವ ಕೋಣೆಯೇ ಆಗಲಿ ಮೂವತ್ತೈದು ದಾಟಿದರೆ ಕಚೇರಿಯಲ್ಲಿ ಗಂಟೆ ಹೊಡೆಯಬೇಕು, ಯಂತ್ರ ನಿಲ್ಲಿಸಿ ಜನರನ್ನು ಹೊರಗೆ ಕಳಿಸಬೇಕು. ಡಬ್ಬಿಯ ದನಿ ಕಡಿದು ಗೆರೆ ಬಂದರೂ ಅಷ್ಟೇ, ಯಾರಾದರೂ ಇಳಿದು ಹೋಗಿ ನೋಡಬೇಕು. ಬಿಳಿ ಡಬ್ಬಿ ಬಂದರೆ ಗಂಟೆಯೂ ಹೊಡೆಯುವುದಿಲ್ಲ, ಗೆರೆಯೂ ಬರುವುದಿಲ್ಲ. ಬೆಳಗ್ಗೆ ಒಣಗಿಸುವ ಯಂತ್ರ ಶುರುವಾಗುವವರೆಗೆ ಅದರ ದನಿ ಹೊರಗೆ ಕೇಳುತ್ತದೆ. ಆಮೇಲೆ ಆ ಕಬ್ಬಿಣ, ಆ ಹಬೆ, ಆ ಗೋಡೆ. ಇಪ್ಪತ್ತಾರು, ಇಪ್ಪತ್ತಾರು, ಇಪ್ಪತ್ತಾರು. ಅಕ್ಕ ಮತ್ತೆ ಬಿದ್ದರೆ ಈ ಸಲ ತಿಂಡಿಯ ಮಾತೂ ಬೇಕಾಗಿಲ್ಲ, ಪರದೆಯನ್ನೇ ತೋರಿಸಿದರಾಯಿತು. ಅವಳು ಇದನ್ನೆಲ್ಲ ವರದಿಯಲ್ಲಿ ಬರೆದಿದ್ದಳು. ಓದಿದವರು ಯಾರು? "ಉದ್ದ ಆಯ್ತಮ್ಮ" ಎಂದಿದ್ದರು ಅಷ್ಟೇ. ಉದ್ದದ ವರದಿಗಿಂತ ಬಿಸ್ಕತ್ತಿನ ಜೊತೆ ಉದುರಿದ ಒಂದು ಮಾತು ಅವರಿಗೆ ರುಚಿಸಿತು.

"ಏನೇ ಮುಖ ಹಾಗೆ? ಇವತ್ತು ಆರಿಸ್ತಾರಂತಲ್ಲ," ಎಂದಳು ಅಕ್ಕ. "ನೀನಿದೀಯಲ್ಲ ಅಲ್ಲಿ. ನೀನು ಹೇಳಿದ್ದನ್ನ ತಾನೇ ಕೇಳೋದು ಅವರು?"

ನಿನ್ನೆಯ ಸೂಚನೆಯ ವಿಷಯ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಕ್ಕನ ಕತ್ತಿನಿಂದ ಬೆವರು ಒಂದೇ ಗೆರೆಯಾಗಿ ಇಳಿದು ರವಿಕೆಯಲ್ಲಿ ಇಂಗುತ್ತಿತ್ತು. "ಹೂಂ ಅಕ್ಕ, ಕೇಳ್ತಾರೆ" ಎಂದು ಸುಳ್ಳು ಹೇಳಿ ಮೆಟ್ಟಿಲು ಹತ್ತಿದಳು.

ಸಭಾಕೋಣೆ ಮೂರನೆಯ ಮಹಡಿಯಲ್ಲಿ, ಪಡುವಣಕ್ಕೆ ಮುಖ ಮಾಡಿ, ಒಂದು ಗೋಡೆ ಪೂರ್ತಿ ಗಾಜು. ಆ ಗಾಜಿನಾಚೆಗೆ ಬಿಸಿಲು ಕಾದ ಬಾಣಲೆಯ ಹಾಗೆ ಇದ್ದರೂ ಒಳಗೆ ಹಿತವಾದ ಚಳಿ. ಕಾಲುಗಳ ಕೆಳಗೆ ದಪ್ಪ ಜಮಖಾನ. ಗೋಡೆಯ ಮೇಲೆ ತೋರಿಕೆಗೆಂದು ಕಂಪನಿಯವರು ಒಂದು ಬಿಳಿ ಡಬ್ಬಿ ಅಂಟಿಸಿದ್ದರು, ಅದರ ಲೆಕ್ಕ ಎದುರಿನ ದೊಡ್ಡ ಪರದೆಯ ಮೂಲೆಯಲ್ಲಿ ಹಸಿರಾಗಿ ಹೊಳೆಯುತ್ತಿತ್ತು: ಇಪ್ಪತ್ಮೂರು. ಅವಳು ಮೇಜಿನ ಬಳಿ ಒಂದು ಕುರ್ಚಿ ಎಳೆದಳು. "ಅಲ್ಲಿ ಬೇಡಮ್ಮ," ಎಂದರು ಅಧ್ಯಕ್ಷರು, "ಯಾರಾದ್ರೂ ಬಂದ್ರೆ ಬೇಕಾಗುತ್ತೆ. ಅಗೋ, ಬಾಗಿಲ ಹತ್ತಿರ ಕೂತ್ಕೊ. ಹಾಂ, ಈ ರಿಮೋಟ್ ಹಿಡ್ಕೊ, ಸ್ವಲ್ಪ ಚಳಿ ಆಗ್ತಿದೆ. ನಮ್ಮ ಉಷ್ಣಾಂಶ ಖಾತೆ ಮಂತ್ರಿ ನೀನೇ ತಾನೇ?" ಎಲ್ಲರೂ ನಕ್ಕರು. ಎಲ್ಲರೂ ಎಂದರೆ ಲೆಕ್ಕಪತ್ರ ವಿಭಾಗದ ಮೇಡಂ, ಭೌತಶಾಸ್ತ್ರದ ಮೇಷ್ಟ್ರು, ಕಂಪನಿಯ ಹುಡುಗ. ಅವಳೂ ನಕ್ಕಳು. ನಕ್ಕ ಮೇಲೆ ಆ ನಗುವನ್ನು ಮುಖದಿಂದ ಹೇಗೆ ತೆಗೆಯುವುದೆಂದು ತಿಳಿಯದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಏಸಿಯ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಂಪನಿಯ ಹುಡುಗ ಮಾತ್ರ ಎದ್ದು, "ಮೇಡಂ, ನಮಸ್ತೆ" ಎಂದ. ಈ ಕೋಣೆಯಲ್ಲಿ ಅವಳನ್ನು ಮೇಡಂ ಎನ್ನುವವನು ಅವನೊಬ್ಬನೇ. ಅದು ಅವಳಿಗೆ ಇಷ್ಟವಾಗುತ್ತಿತ್ತು. ಇಷ್ಟವಾಗುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಕಾರಿಡಾರಿನಲ್ಲಿ ಅವಳ ಉತ್ತರ ಅಷ್ಟು ಮೆತ್ತಗಾಗಲು ಅವನ ಈ 'ಮೇಡಂ' ಎಂಬ ಮಾತು ಕೂಡ ಕಾರಣವಿರಬಹುದೇ ಎಂಬ ಯೋಚನೆ ಬಂದು ಅವಳ ಕಿವಿ ಬಿಸಿಯಾಯಿತು.

ಮೇಷ್ಟ್ರು ಅವಳತ್ತ ನೋಡಿ ತಲೆಯಾಡಿಸಿದರು. ಅವಳಿಗೆ ಪಾಠ ಹೇಳಿದವರು ಅವರು. ಮೊದಲ ದಿನ ತರಗತಿಗೆ ಬಂದವರೇ ಒಂದು ಬಟ್ಟಲು ಬಿಸಿನೀರು, ಒಂದು ತಣ್ಣೀರು, ಒಂದು ಉಗುರುಬೆಚ್ಚಗಿನದು ಇಟ್ಟು, ಬೆರಳದ್ದಿ ನೋಡಿ ಎಂದಿದ್ದರು. "ಅಳತೆ ಅಂದ್ರೆ ನಂಬಿಕೆ ಅಲ್ಲ ಮಕ್ಕಳಾ, ಅನುಮಾನ. ಮುಳ್ಳು ತೋರಿಸಿದ್ದನ್ನ ಒಪ್ಪೋದಕ್ಕೆ ನೀವು ಯಾಕೆ ಬೇಕು, ನಿಮ್ಮ ಜಾಗದಲ್ಲಿ ಒಂದು ಕಪಾಟು ನಿಂತಿದ್ರೂ ಸಾಕು." ಆ ಮಾತು ಕೇಳಿಯೇ ಅವಳು ಈ ಕೆಲಸದ ಕಡೆ ಬಂದದ್ದು. ಈಗ ಅವರು ನಿವೃತ್ತಿಯ ಅಂಚಿನಲ್ಲಿದ್ದರು, ಕೂದಲು ಪೂರಾ ಹತ್ತಿ, ಮೇಜಿನ ಮೇಲೆ ಎರಡೂ ಕೈ ಜೋಡಿಸಿ ಒಳ್ಳೆಯ ಹುಡುಗನಂತೆ ಕೂತಿದ್ದರು.

ಪರದೆಯ ಮೇಲೆ ಎರಡು ಗೆರೆಗಳು ಬಂದವು. ಬೂದು ಡಬ್ಬಿಯದು ಅಲ್ಲಲ್ಲಿ ತುಂಡಾಗಿತ್ತು. "ನೋಡಿ, ಹಲ್ಲು ಬಿದ್ದ ಮುದುಕಿ ನಕ್ಕ ಹಾಗಿದೆ" ಎಂದರು ಅಧ್ಯಕ್ಷರು. "ಇದನ್ನ ನೋಡಿ, ಬಿಳಿದು. ಒಂದೇ ಒಂದು ಕಡೆ ತುಂಡಾಗಿದೆಯಾ?"

"ತುಂಡಾಗಿದೆ ಸಾರ್," ಎಂದಳು ಬಾಗಿಲ ಬಳಿಯಿಂದ. "ಕಾಣಿಸ್ತಿಲ್ಲ, ಅಷ್ಟೇ."

ತಲೆಗಳು ತಿರುಗಿದವು. ಅವಳು ಎದ್ದು ನಿಂತು, ಒಗೆಯುವ ಕೋಣೆಯ ವಿಷಯ ಹೇಳತೊಡಗಿದಳು. ಹೇಳುತ್ತ ಹೇಳುತ್ತ ದನಿ ತೆಳ್ಳಗಾಯಿತು, ವಾಕ್ಯಗಳು ಒಂದರ ಕಾಲು ಒಂದು ತುಳಿದವು. ಕಂಪನಿಯ ಹುಡುಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, "ಮೇಡಂ ಹೇಳೋದು ಸರಿ, ಆದ್ರೆ ಅದು ತೊಂದರೆ ಅಲ್ಲ ಸಾರ್, ಅನುಕೂಲ. ಪರದೆ ಖಾಲಿ ಕಂಡ್ರೆ ಜನ ಗಾಬರಿ ಆಗ್ತಾರೆ. ಬೇಕಿದ್ರೆ ಮುಂದೆ ಬದಲಾಯಿಸಬಹುದು" ಎಂದ. ಅಧ್ಯಕ್ಷರು ಕನ್ನಡಕ ತೆಗೆದು ಅವಳನ್ನು ನೋಡಿದರು.

"ಅಲ್ಲಮ್ಮ, ಮೊನ್ನೆ ನೀನೇ ಹೇಳಿದೆಯಲ್ಲ? ನಾನು ಕೇಳಿದೆ, ಪರವಾಗಿಲ್ಲ ಸಾರ್ ಅಂದೆ. ಈ ಕಂಪನಿಯವರೂ ಜೊತೆಗಿದ್ರು."

"ಅಂದೆ ಸಾರ್. ಆದ್ರೆ ಚೆನ್ನಾಗಿದೆ ಅನ್ನೋ ಅರ್ಥದಲ್ಲಿ ಅಲ್ಲ."

"ಮತ್ತೆ ಪರವಾಗಿಲ್ಲ ಅಂದ್ರೆ ಇನ್ನೇನು ಅರ್ಥ?"

ಅಷ್ಟು ಸಾಕಾಯಿತು. ನಾಲ್ಕು ಜನ ಕಲಿತವರು ಉಷ್ಣಮಾಪಕವನ್ನು ಬದಿಗಿಟ್ಟು ಆ ಪದದ ಮೇಲೆ ಮುಗಿಬಿದ್ದರು. ಲೆಕ್ಕದ ಮೇಡಂ, "ನಮ್ಮನೆಯವರು ನಾನು ಮಾಡಿದ ಸಾರಿಗೆ ಪರವಾಗಿಲ್ಲ ಅಂದ್ರೆ ಮಾರನೇ ದಿನ ಅವರೇ ಮಾಡ್ಕೋಬೇಕು" ಎಂದರು. ಅಧ್ಯಕ್ಷರು, "ನನ್ನ ಮಗ ಪರೀಕ್ಷೆ ಬರೆದು ಬಂದು ಪರವಾಗಿಲ್ಲ ಅಂತಾನೆ, ಫೇಲಾಗ್ತಾನೆ" ಎಂದರು. "ಹಾಗಾದ್ರೆ ಡಬ್ಬಿ ಫೇಲಾ ಸಾರ್?" ಎಂದು ಮೇಡಂ ಚುಚ್ಚಿ, ಎಲ್ಲರೂ ಮೇಜು ಬಡಿದು ನಕ್ಕರು. ಕಡೆಗೆ ಮೇಷ್ಟ್ರು, ಅವಳ ಕಣ್ಣು ತಪ್ಪಿಸಿ, ಮೇಜಿನ ಮರಕ್ಕೆ ಹೇಳುವ ಹಾಗೆ, "ಸಾಮಾನ್ಯವಾಗಿ ನಾವು ಅದನ್ನ ಒಪ್ಪಿಗೆ ಅಂತಲೇ ತಗೋತೀವಿ, ಅಲ್ವೇನಮ್ಮ" ಎಂದರು. ಆ ಕಡೆಯ 'ಅಮ್ಮ' ಎಷ್ಟು ಮೃದುವಾಗಿತ್ತೆಂದರೆ ಅವಳಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಹಾಸ್ಟೆಲ್ಲಿನ ನೆಲಮಾಳಿಗೆಯಲ್ಲಿ, ಇದೇ ಹೊತ್ತಿನಲ್ಲಿ, ಕೆಂಪು ದಾರ ಇನ್ನೊಂದು ಗೀಟು ಹತ್ತುತ್ತಿರಬೇಕು.

"ಒಪ್ಪಿಗೆ ಅಲ್ಲ," ಎಂದಳು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಅದನ್ನ ಬಿಡಿಸಿ ಹೇಳ್ತೀನಿ ಸಾರ್. ನಾನು ಅದರ ಪರವಾಗಿ. ಇಲ್ಲ."

ಅಧ್ಯಕ್ಷರು "ಭಲೇ!" ಎಂದು ತೊಡೆ ತಟ್ಟಿದರು. "ಪರವಾಗಿ, ಇಲ್ಲ! ಕೇಳಿದ್ರಾ ಮೇಷ್ಟ್ರೇ? ಕವಿತೆ ಗಿವಿತೆ ಬರೀತೀಯೇನಮ್ಮ? ವಾರ್ಷಿಕೋತ್ಸವಕ್ಕೆ ಬರೀ, ಬರೀ." ಮೇಡಂ ಅವಳತ್ತ ಮೆಚ್ಚುಗೆಯಿಂದ ಹುಬ್ಬು ಹಾರಿಸಿದರು. ಚಹಾ ಬಂತು. ಕಂಪನಿಯ ಹುಡುಗ ಮೊದಲ ಲೋಟವನ್ನು ಅವಳಿಗೇ ತಂದುಕೊಟ್ಟ. ಅವಳು ಅದನ್ನು ಹಿಡಿದು ನಿಂತಳು. ಜಗಳವಾಡಿದ್ದರೆ, ಗದರಿದ್ದರೆ, ಹೊರಗೆ ಹೋಗು ಎಂದಿದ್ದರೆ ಅವಳ ಸಿಟ್ಟಿಗೆ ಒಂದು ಮರ್ಯಾದೆ ಇರುತ್ತಿತ್ತು. ಇವರು ಅದನ್ನು ಚಹಾದ ಜೊತೆ ನಂಜಿಕೊಂಡರು. ಮೈಯೆಲ್ಲ ಉರಿಯುತ್ತಿತ್ತು, ಆದರೂ ಚರ್ಮದ ಮೇಲೆ ಏಸಿಯ ತಂಪು ಸುಖವಾಗಿ ಹರಿದಾಡುತ್ತಿತ್ತು. ಆ ಸುಖದ ಮೇಲೂ ಅವಳಿಗೆ ಅಸಹ್ಯವಾಯಿತು. ಅವಳು ಕೂತಳು. ಚಹಾವನ್ನು ನೆಲದ ಮೇಲಿಟ್ಟಳು. ಪಕ್ಕದಲ್ಲಿಟ್ಟಿದ್ದ ರಿಮೋಟಿನ ಮೂತಿಯನ್ನು ಮರೆಯಲ್ಲೇ ಏಸಿಯ ಕಡೆ ತಿರುಗಿಸಿ ಅದನ್ನು ಆರಿಸಿದಳು. ಆಮೇಲೆ, ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ, ಬಾಗಿಲ ಪಕ್ಕದ ಪ್ಲಗ್ಗಿನಲ್ಲಿದ್ದ ಬಿಳಿ ಡಬ್ಬಿಯ ಪುಟ್ಟ ಪೆಟ್ಟಿಗೆಯನ್ನು ಅರ್ಧ ಬೆರಳಿನಷ್ಟು ಎಳೆದಳು. ಅದರ ನೀಲಿ ದೀಪ ಕಣ್ಣು ಮುಚ್ಚಿತು. ಪರದೆಯ ಮೇಲೆ ಇಪ್ಪತ್ಮೂರು ಹಾಗೆಯೇ ನಗುತ್ತಿತ್ತು.

ಅವರ ಮಾತು ಬಣ್ಣಕ್ಕೆ ಹೊರಳಿತ್ತು, ಹಳೆಯ ಕಟ್ಟಡಗಳ ಗೋಡೆಗೆ ಬಿಳಿ ಒಪ್ಪುತ್ತದೋ ಇಲ್ಲವೋ ಎಂದು. ಬಿಸಿಲು ಗಾಜಿನ ಮೂಲಕ ಮೊದಲು ಜಮಖಾನದ ಮೇಲೆ ಬಂತು, ಮೇಜಿನ ಕಾಲನ್ನು ಹತ್ತಿತು, ಕಾಗದಗಳ ಮೇಲೆ ಹರಡಿಕೊಂಡಿತು. ಮೇಡಂ ಒಂದು ಹಾಳೆಯಿಂದ ಗಾಳಿ ಬೀಸಿಕೊಳ್ಳತೊಡಗಿದರು. ಅಧ್ಯಕ್ಷರು ಮೇಲಿನ ಗುಂಡಿ ಬಿಚ್ಚಿ, ಕತ್ತು ಒರೆಸಿಕೊಂಡು, ಪರದೆಯ ಮೂಲೆಯನ್ನು ನೋಡಿ, ಏನೂ ಹೇಳದೆ ಮುಂದುವರಿಸಿದರು. ಮತ್ತೆ ಒರೆಸಿಕೊಂಡು ಮತ್ತೆ ನೋಡಿದರು. ಹೇಳಿ, ಎಂದು ಅವಳು ಒಳಗೊಳಗೇ ಹಲ್ಲು ಕಚ್ಚಿದಳು, ಯಾರಾದರೂ ಒಬ್ಬರು ಸೆಖೆ ಅನ್ನಿ, ಮೂರಕ್ಷರವೂ ಬೇಡ, ಎರಡೇ. ಕಂಪನಿಯ ಹುಡುಗನ ಅಂಗಿಯ ಕಂಕುಳು ಒದ್ದೆಯಾಗಿ ಕಪ್ಪಗಾಗಿತ್ತು, ಅವನು ಕೈಗಳನ್ನು ಬಿಗಿಯಾಗಿ ಮೈಗೆ ಒತ್ತಿಕೊಂಡು ಇಪ್ಪತ್ಮೂರರ ಕೆಳಗೆ ನಿಂತು ನಿಖರತೆಯ ಬಗ್ಗೆ ಮಾತಾಡುತ್ತಿದ್ದ.

"ಯಾಕೋ ನನಗೇ ಮೈ ಸರಿ ಇಲ್ಲ ಅನ್ಸುತ್ತೆ," ಎಂದರು ಅಧ್ಯಕ್ಷರು ಕಡೆಗೆ.

"ಬಿಪಿ ಮಾತ್ರೆ ತಗೊಂಡ್ರಾ ಸಾರ್?" ಎಂದರು ಮೇಡಂ, ಹಾಳೆ ಬೀಸುತ್ತಲೇ. "ತಿಂಡಿ ತಿಂದಿದ್ರಾ ಬೆಳಗ್ಗೆ?"

ಅವಳಿಗೆ ಕಿರುಚಿಕೊಳ್ಳಬೇಕು ಅನ್ನಿಸಿತು, ಗಹಗಹಿಸಿ ನಗಬೇಕು ಅನ್ನಿಸಿತು. ಕೈಯಲ್ಲಿ ರಿಮೋಟು ಹಿಡಿದು ಹೀಗೆ ಕೂತು ನೋಡುವುದರಲ್ಲಿ ಒಂದು ರುಚಿ ಇತ್ತು, ಅದು ನಾಲಿಗೆಗೆ ಅಂಟುತ್ತಿತ್ತು. ಇನ್ನಷ್ಟು ಬೇಯಲಿ. ಇನ್ನೂ ಬೇಯಲಿ. ಆಗ ಅವಳ ಕಣ್ಣು ಮೇಷ್ಟ್ರ ಮೇಲೆ ಬಿತ್ತು. ಬಿಸಿಲು ನೇರ ಅವರ ಬೆನ್ನಿಗೆ ಹೊಡೆಯುತ್ತಿತ್ತು. ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು, ತುಟಿಯ ಮೇಲೆ ಬೆವರಿನ ಹನಿಗಳು ಸಾಲುಗಟ್ಟಿದ್ದವು. ಅವರು ಪಕ್ಕಕ್ಕೆ ಸರಿಯಲಿಲ್ಲ, ನೀರು ಕೇಳಲಿಲ್ಲ. ತೊಂದರೆ ಕೊಡಬಾರದೆಂದು ಕಲಿತವರ ಕೂರುವಿಕೆ ಅದು. ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಇವರು ಈಗ ಈ ಜಮಖಾನದ ಮೇಲೆ ಬಿದ್ದರೆ ಬೀಳಿಸಿದವಳು ತಾನು. ನೆಲಮಾಳಿಗೆಯ ಕಿಂಡಿಗೆ ರಟ್ಟು ಬಡಿದ ಕೈಗೂ ಈ ಕೈಗೂ ಏನು ವ್ಯತ್ಯಾಸ?

ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ನೇರ ಹೋಗಿ ಅವರ ಬೆನ್ನಿಗೂ ಗಾಜಿಗೂ ನಡುವೆ ನಿಂತು ಬಿಸಿಲನ್ನು ತನ್ನ ಮೈಮೇಲೆ ತೆಗೆದುಕೊಂಡಳು. "ಮೇಷ್ಟ್ರೇ, ಸೆಖೆ ಆಗ್ತಿದೆಯಾ ನಿಮಗೆ?"

ಅವರು ಉತ್ತರ ಕೊಡುವ ಮೊದಲು ಕತ್ತೆತ್ತಿ ಪರದೆಯನ್ನು ನೋಡಿದರು.

ಆಮೇಲೆ ನಿಧಾನವಾಗಿ ಒಂದು ಕೈಯನ್ನು ತಮ್ಮ ಕತ್ತಿನ ಹಿಂದಕ್ಕೆ ಒಯ್ದು, ತೆಗೆದು, ಒದ್ದೆಯಾದ ಅಂಗೈಯನ್ನು ಯಾರದೋ ಕೈ ಎಂಬಂತೆ ನೋಡಿದರು. "ಆಗ್ತಿದೆ," ಎಂದರು. "ತುಂಬಾ."

"ಇಪ್ಪತ್ಮೂರಿದೆಯಲ್ರೀ," ಎಂದರು ಅಧ್ಯಕ್ಷರು, ಅದೂ ರೇಗಿ.

ಅವಳು ಬಾಗಿಲಿಗೆ ಮರಳಿ, ಏಸಿ ಹಾಕಿ, ಪುಟ್ಟ ಪೆಟ್ಟಿಗೆಯನ್ನು ಪ್ಲಗ್ಗಿಗೆ ಒತ್ತಿದಳು. ನೀಲಿ ದೀಪ ಕಣ್ಣುಬಿಟ್ಟಿತು. ಪರದೆಯ ಮೂಲೆಯಲ್ಲಿ ಹಸಿರು ಅಂಕಿ ಒಮ್ಮೆ ತಡವರಿಸಿ, ಮೂವತ್ಮೂರಾಗಿ ಕೆಂಪಾಯಿತು. ಕಂಪನಿಯ ಹುಡುಗ "ಅದು ಸಾರ್..." ಎಂದು ಶುರುಮಾಡಿ, ತನ್ನ ಅಂಗಿಯನ್ನು ನೋಡಿಕೊಂಡು ನಿಲ್ಲಿಸಿದ.

"ನಮ್ಮನ್ನೇನು ಪ್ರಯೋಗದ ಇಲಿ ಅಂದ್ಕೊಂಡೆಯಾ?" ಅಧ್ಯಕ್ಷರ ದನಿಯಲ್ಲಿ ಈಗ ನಗೆಯ ಚೂರೂ ಇರಲಿಲ್ಲ. "ವಯಸ್ಸಾದವರಿದಾರೆ ಇಲ್ಲಿ! ಒಂದು ಹೋಗಿ ಒಂದಾಗಿದ್ರೆ?"

"ಅದನ್ನೇ ಸಾರ್ ನಾನು ಆಗಿನಿಂದ ಹೇಳ್ತಿರೋದು," ಎಂದಳು. "ನಿಮಗೆ ಇಷ್ಟು ಹೊತ್ತಿಗೇ ಮೈ ಸರಿ ಇಲ್ಲ ಅನ್ನಿಸಿತು. ಆ ಒಗೆಯೋ ಕೋಣೆಯಲ್ಲಿ ಒಬ್ಬರಿಗೆ ದಿನಾ ಹೀಗೆ. ಅಲ್ಲಿ ರಿಮೋಟ್ ಯಾರ ಕೈಯಲ್ಲೂ ಇಲ್ಲ. ನನ್ನ ಬೈಯಿರಿ, ಬೈದು ಮುಗಿಸಿ ಮೆಟ್ಟಿಲಿಳಿದು ಬನ್ನಿ."

ಅವರು ಇಳಿದು ಹೋಗಲಿಲ್ಲ. ಆದರೆ ಕೆಂಪು ಅಂಕಿಯನ್ನು ನೋಡದೆ ಇರಲೂ ಆಗಲಿಲ್ಲ. ಅದು ಅವರೆದುರೇ ಮೂವತ್ತೆರಡಾಯಿತು, ಮೂವತ್ತೊಂದಾಯಿತು. ಅಧ್ಯಕ್ಷರು ಕಾಗದಗಳನ್ನು ಕುಟ್ಟಿ ಜೋಡಿಸಿದರು. "ಸರಿ. ಆ ಬೂದು ಬಣ್ಣದ್ದನ್ನೇ ತಗೊಳ್ಳಿ. ಒಗೆಯೋ ಕೋಣೆಗೆ ಮೊದಲು ಹಾಕಿ, ಆಮೇಲೆ ಮಿಕ್ಕಿದ್ದು. ಆದ್ರೆ ಈ ಹುಡುಗಿ ಇನ್ಮೇಲೆ ಈ ಕೆಲಸದಲ್ಲಿ ಬೇಡ. ಹಿರಿಯರ ಜೊತೆ ಹೇಗಿರಬೇಕು ಅನ್ನೋದನ್ನ ಮೊದಲು ಕಲೀಲಿ." ಹೊರಡುವಾಗ ಅವರು ಅವಳ ಕೈಯಿಂದ ರಿಮೋಟನ್ನು ಕಿತ್ತುಕೊಂಡು ತಾವೇ ಹಿಡಿದುಕೊಂಡು ಹೋದರು. ಮೇಡಂ ಹಿಂದೆಯೇ ಹೋದರು. ಕಂಪನಿಯ ಹುಡುಗ ಗೋಡೆಯ ಡಬ್ಬಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡ. ಈ ಸಲ ಮೇಡಂ ಅನ್ನಲಿಲ್ಲ.

ಮೇಷ್ಟ್ರು ಉಳಿದಿದ್ದರು. ಎರಡು ಲೋಟ ನೀರು ಕುಡಿದ ಮೇಲೆ ಮುಖಕ್ಕೆ ಬಣ್ಣ ಬಂದಿತ್ತು. ಎದ್ದು ಬಂದು, ಅವಳ ಎದುರಿಗೆ ನಿಂತು, ಹಳೆಯ ತರಗತಿಯ ನಗುವನ್ನು ನಗಲು ನೋಡಿದರು. "ಒಳ್ಳೆ ಪ್ರಯೋಗ ಕಣಮ್ಮ," ಎಂದರು. "ನನ್ನ ಶಿಷ್ಯೆ ಅಂತ ಹೆಮ್ಮೆ ಆಯ್ತು."

ಆ ಹೊಗಳಿಕೆಗೆ ಕಾದು ಎಷ್ಟು ವರ್ಷಗಳಾಗಿದ್ದವು! ಈಗ ಅದು ಆರಿದ ಚಹಾದ ಹಾಗೆ ಅವಳೆದುರು ಬಂದು ನಿಂತಿತ್ತು. ಅವರಿಗೆ ತೊಂದರೆ ಕೊಟ್ಟೆನೆಂಬ ಸಂಕಟ ಇನ್ನೂ ಎದೆಯಲ್ಲಿ ಬಡಿದುಕೊಳ್ಳುತ್ತಿತ್ತು. ಕ್ಷಮಿಸಿ ಎನ್ನಲೆಂದೇ ಬಾಯಿ ತೆರೆದಳು. ಅದನ್ನು ಹೇಳಿದಳು ಕೂಡ. "ಕ್ಷಮಿಸಿ ಮೇಷ್ಟ್ರೇ, ನಿಮ್ಮನ್ನ ಬಿಸಿಲಲ್ಲಿ ಕೂರಿಸಿದೆ." ಅಷ್ಟಕ್ಕೇ ನಿಲ್ಲಿಸಿದ್ದರೆ ಇಬ್ಬರೂ ಸುಖವಾಗಿ ಮನೆಗೆ ಹೋಗಬಹುದಿತ್ತು.

"ಆದ್ರೆ ನಾನು ಕೇಳಿದ್ದು ನಿಮ್ಮ ಮೈಯನ್ನ," ಎಂದಳು. "ನೀವು ಪರದೆ ನೋಡಿದ್ರಿ."

ಅವರ ನಗು ಹಾಗೆಯೇ ಸ್ವಲ್ಪ ಹೊತ್ತು ಮುಖದ ಮೇಲಿತ್ತು, ಇಳಿಯಲು ಮೆಟ್ಟಿಲು ಸಿಗದವರ ಹಾಗೆ. "ಹೌದು," ಎಂದರು ಕಡೆಗೆ. "ನೋಡಿದೆ." ಬಾಗಿಲ ಬಳಿ ಬಿದ್ದಿದ್ದ ಅವಳ ಕುರ್ಚಿಯನ್ನು ಬಗ್ಗಿ ಎತ್ತಿ ನಿಲ್ಲಿಸಿ, ಅದರ ಬೆನ್ನನ್ನು ಒಮ್ಮೆ ಸವರಿ, ಹೊರಟುಹೋದರು. ಅವಳು ಆ ಕುರ್ಚಿಯನ್ನು ಎಳೆದುಕೊಂಡು ಬಂದು, ಯಾರಾದರೂ ಬಂದರೆ ಬೇಕಾಗುತ್ತದೆ ಎಂದಿದ್ದ ಜಾಗದಲ್ಲಿ, ಮೇಜಿಗೆ ಮೊಣಕೈಯೂರಿ ಕೂತಳು. ಮೇಷ್ಟ್ರ ಮೇಲೆ ಮರುಕ ಬರುತ್ತದೇನೋ ಎಂದು ನೋಡಿದಳು. ಬರಲಿಲ್ಲ. ಸಿಟ್ಟು ಮಾತ್ರ ಇತ್ತು, ತನ್ನದೇ ಅಳತೆಯಲ್ಲಿ, ಯಾರನ್ನೂ ಕೇಳದೆ.